ಬದು ದಾಟಿದ ಕರಕಿ

ಗಣಪನ ಪೂಜೆಗೆ ಸಲ್ಲುವ ಗರಿಕೆಯೇ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ರೈತರಿಗೆ ತಲೆನೋವಾದ ಕರಕಿ. ಬದುವಿನಲ್ಲಿದ್ದರೆ ಅದು ಮಣ್ಣು ಹಿಡಿಯುತ್ತದೆ, ದನಗಳಿಗೆ ಮೇವಾಗುತ್ತದೆ. ಹೊಲಕ್ಕಿಳಿದರೆ ಗೋವಿನಜೋಳ, ಹತ್ತಿಗಳ ನೀರು, ಸಾರವನ್ನು ಹೀರುತ್ತದೆ. ನೆಲದೊಳಗಿನ ಅದರ ಕಾಂಡವನ್ನು ರೋಟವೇಟರ್ ಕತ್ತರಿಸಿದರೆ, ಗೆಣ್ಣುಳ್ಳ ಪ್ರತಿ ತುಂಡೂ ಹಸಿ ಮಣ್ಣಿನಲ್ಲಿ ಮತ್ತೆ ಚಿಗುರಬಲ್ಲದು.

ಗ್ಲೈಫೋಸೇಟ್ ಸುಲಭೋಪಾಯವೆಂದು ತೋರಬಹುದು. ಆದರೆ ಅದು ಕಳೆ, ಬೆಳೆಗಳ ಭೇದವರಿಯದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು ಅದನ್ನು ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಸಾಲಿಗೆ ಸೇರಿಸಿತು. ಬೇಸಿಗೆಯಲ್ಲಿ ಆಳವಾಗಿ ರೆಂಟೆ ಹೊಡೆದು, ಕಾಂಡಗಳನ್ನು ಬಿಸಿಲಿಗೆ ಒಣಗಿಸಿ, ಆರಿಸಿ ಹೊರಹಾಕುವುದೇ ಲೇಸು. ಒಬ್ಬರು ಆರಿಸಿ ನೆರೆಯವರು ಬಿಟ್ಟರೆ ಶ್ರಮ ವ್ಯರ್ಥ. ಕರಕಿ ಬದುವಿನ ಎಲ್ಲೆಯನ್ನು ಮೀರಿದೆ. ಮುಯ್ಯಾಳಿನ ಕೂಡುದುಡಿಮೆಯೂ ಅದನ್ನು ಮೀರಬೇಕು.