ಬೀಳೋದು ಕಲಿಸಿದ ಗಾಡಿ

ಎಳ್ಳ ಅಮಾವಾಸ್ಯೆಗೆ ಪುಣೆಯಿಂದ ಬಂದ ನಮ್ಮ ಕಾಕಾನ ಮಗ ಈ ಸಲ ಒಬ್ಬನೇ ಬರಲಿಲ್ಲ. ಪಿಕಪ್ ಗಾಡಿಯಲ್ಲಿ ಹಗ್ಗ ಬಿಗಿದು, ತಾಡಪತ್ರಿ ಹೊದಿಸಿ ಏನನ್ನೋ ತಂದಿದ್ದ. ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುಟ್ಟಿ ಹೊತ್ತು ಹೊಲಕ್ಕೆ ಚರಗ ಚೆಲ್ಲಲು ಹೊರಟಿದ್ದ ಮಂದಿಯೆಲ್ಲ ನಿಂತು ನೋಡಿದರು. ತಾಡಪತ್ರಿ ಸರಿಸಿದರೆ ಗಿಳಿ ಹಸಿರು ಬಣ್ಣದ ಬೈಕು! ಸೊಂಟಕ್ಕಿಂತ ಎತ್ತರದ ಸೀಟು, ಮುಳ್ಳು ಮುಳ್ಳು ಟೈರು, ಕೋಳಿಯ ಬಾಲದಂತೆ ಮೇಲಕ್ಕೆ ಚಿಮ್ಮಿದ ಮಡ್‌ಗಾರ್ಡು.

ಅಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ ಬಂದು ಕೇಳಿದರು, ‘ಇದಕ್ಕ ಲೈಟ್ ಎಲ್ಲದ?’

‘ಇಲ್ಲ ದೊಡ್ಡಪ್ಪ.’

‘ಹಾರನ್?’

‘ಅದೂ ಇಲ್ಲ.’

‘ಕೀಲಿ? ನಂಬರ್ ಪ್ಲೇಟ್? ಸ್ಟ್ಯಾಂಡ್ ಆದ್ರೂ ಅದನೋ ಇಲ್ಲೋ?’

‘ಯಾವುದೂ ಇಲ್ಲ ದೊಡ್ಡಪ್ಪ.’

‘ಏನೂ ಇಲ್ಲದ ಗಾಡಿಗಿ ಎಷ್ಟ್ ಕೊಟ್ಟೀಯೋ?’

‘ಎಂಟು ಲಕ್ಷದ ಹತ್ರ ಆಯ್ತು. ನಾವು ನಾಲ್ಕು ಮಂದಿ ಗೆಳೆಯರು ಕೂಡಿ ತಗೊಂಡೀವಿ.’

ಅಪ್ಪ ಮುಂದೆ ಮಾತಾಡಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲದ ಹಾದಿ ಹಿಡಿದರು.

ಅದು ಕವಾಸಕಿ ಕೆಎಕ್ಸ್ 250. ಅಸಲಿ ಮೋಟೊಕ್ರಾಸ್ ಬೈಕ್. ಇದನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ಆರ್‌ಟಿಒದಲ್ಲಿ ನೋಂದಣಿಯೂ ಆಗುವುದಿಲ್ಲ. ಮಣ್ಣಿನ ಟ್ರ್ಯಾಕಿಗೆ ಹುಟ್ಟಿದ ಗಾಡಿ, ಅಲ್ಲಿಗೂ ಬೇರೆ ಗಾಡಿಯ ಮೇಲೆ ಕುಳಿತೇ ಹೋಗಬೇಕು. ಮಣ್ಣಿಗೇನು ಕೊರತೆ ನಮ್ಮಲ್ಲಿ? ಆಳಂದ ತಾಲ್ಲೂಕಿನ ಭೂಸನೂರ ನಮ್ಮದು. ತೊಗರಿ, ಕಬ್ಬು, ಸಕ್ಕರೆ ಕಾರ್ಖಾನೆ, ಎರಿ ಭೂಮಿ. ಹಳ್ಳದ ದಂಡೆಗೆ ನಮ್ಮದೇ ಒಂದು ತುಂಡು ಬೀಳು ಜಮೀನಿದೆ. ಊಟ ಮುಗಿಸಿ ಎಲ್ಲರೂ ಬೇವಿನ ಗಿಡದ ನೆರಳಿಗೆ ಒರಗಿದಾಗ ಅಣ್ಣ ಕಣ್ಣು ಮಿಟುಕಿಸಿದ, ‘ನಡಿ, ನೀನೂ ಹೊಡಿ.’

ಇಲ್ಲಿ ನನ್ನ ಗುಟ್ಟು ಒಂದು ಹೇಳಬೇಕು. ಡಿಗ್ರಿ ಕೊನೆಯ ವರ್ಷದಲ್ಲಿರುವ ನನಗೆ ಈ ಸಲ ತೊಗರಿ ರಾಶಿ ಆದ ಮೇಲೆ ಹೊಸ ಬೈಕಿನ ಡೌನ್ ಪೇಮೆಂಟ್ ಕೊಡುವುದಾಗಿ ಅಪ್ಪ ಒಪ್ಪಿದ್ದರು. ಬಗ್ಗಿ ಕುಳಿತು ಓಡಿಸುವ, ಕಾಲೇಜಿನ ಗೇಟಿನ ಮುಂದೆ ನಿಲ್ಲಿಸಿದರೆ ನಾಲ್ಕು ಜನ ನೋಡುವಂಥ ಬೈಕು. ಬಣ್ಣ ಕೂಡ ಆರಿಸಿಟ್ಟಿದ್ದೆ. ಎಂಟು ವರ್ಷದಿಂದ ಅಪ್ಪನ ಹಳೆಯ ಸ್ಪ್ಲೆಂಡರ್ ಓಡಿಸಿದವನಿಗೆ ಗಾಡಿ ಓಡಿಸಲು ಬರುತ್ತದೆ ಎಂಬ ವಿಷಯದಲ್ಲಿ ಸಂಶಯವೇ ಇರಲಿಲ್ಲ.

ಆ ಭ್ರಮೆ ಇಳಿಯಲು ಅರ್ಧ ತಾಸು ಸಾಕಾಯಿತು. ಅದರಲ್ಲಿ ಮುಕ್ಕಾಲು ಹೊತ್ತು ಬಟ್ಟೆ ಹಾಕಿಕೊಳ್ಳಲಿಕ್ಕೇ ಹೋಯಿತು. ಮೊಣಕಾಲವರೆಗಿನ ಬೂಟು, ಮೊಣಕಾಲಿಗೆ ಗಾರ್ಡು, ಎದೆಗೆ ಕವಚ, ಗ್ಲೌಸು, ಗಾಗಲ್ಸು, ಮುಂದೆ ಕೊಕ್ಕು ಚಾಚಿದ ಹೆಲ್ಮೆಟ್ಟು. ‘ಯಪ್ಪಾ, ಯುದ್ಧಕ್ಕ ಹೊಂಟೀಯೇನೋ?’ ಎಂದು ಅವ್ವ ನಕ್ಕಳು. ಮುಂದಿನ ಹತ್ತು ನಿಮಿಷದಲ್ಲಿ ನಾನು ಮೂರು ಸಲ ಬಿದ್ದಾಗ ಅವಳ ನಗು ನಿಂತಿತ್ತು.

ಮೊದಲ ಅಚ್ಚರಿ ತೂಕದ್ದು. ಸುಮಾರು 108 ಕೆ.ಜಿ. ಹೆಚ್ಚುಕಡಿಮೆ ನಮ್ಮ ಸ್ಪ್ಲೆಂಡರ್‌ನಷ್ಟೇ! ಶಕ್ತಿ ಮಾತ್ರ ಅದರ ನಾಲ್ಕೈದು ಪಟ್ಟು. ಸೀಟಿನ ಎತ್ತರ 95 ಸೆಂಟಿಮೀಟರು, ಕುಳಿತರೆ ನನ್ನ ಹೆಬ್ಬೆರಳು ಮಾತ್ರ ನೆಲ ಮುಟ್ಟಿತು. ಬಟನ್ ಒತ್ತಿದರೆ ಸ್ಟಾರ್ಟ್. ಮೊದಲ ಸಲ ಕ್ಲಚ್ ಬಿಡುವಾಗ ಆಫ್ ಆಗಿ, ಕಾಲು ನೆಲಕ್ಕೆ ಸಿಗದೆ ನಿಂತಲ್ಲೇ ಉರುಳಿದೆ. ಎರಡನೇ ಸಲ ಹೆದರಿ ಆಕ್ಸಿಲರೇಟರ್ ಹಿಡಿದೆ. ಹೆದರಿದ ಕೈ ಸಡಿಲಾಗುವುದಿಲ್ಲ, ಇನ್ನಷ್ಟು ತಿರುವುತ್ತದೆ. ಮುಂದಿನ ಗಾಲಿ ಎದ್ದಿತು, ನಾನು ಹಿಂದೆ ಬಿದ್ದೆ. ‘ಗಾಡಿ ನಿನಗ ಒಯ್ದಿಲ್ಲ. ನಿನ್ನ ಮುಷ್ಟಿ ಒಯ್ದದ’ ಎಂದ ಅಣ್ಣ.

ನಿಂತು ಓಡಿಸುವುದು ಕಲಿತ ಮೇಲೆ ಗಾಡಿಯ ಗುಣ ತಿಳಿಯತೊಡಗಿತು. ಮೊಣಕಾಲಲ್ಲಿ ಗಾಡಿ ಅವುಚಿ, ಮೊಣಕೈ ಎತ್ತಿ, ಕಣ್ಣು ದೂರಕ್ಕೆ ನೆಟ್ಟು ಹೋಗಬೇಕು. ಮುಂದಿನ ಗಾಲಿಯ ಬುಡ ನೋಡಿದರೆ ಬಿದ್ದಂತೆಯೇ. ಇದರ ಸಸ್ಪೆನ್ಷನ್ ಒಂದು ಅಡಿ ಆಳಕ್ಕೆ ಕುಗ್ಗುತ್ತದೆ. ಹೊಲದ ಒಡ್ಡು ಹಾರಿಸಿದೆ ಎಂದು ನಾನು ಕೊಚ್ಚಿಕೊಳ್ಳಬಹುದು. ನಿಜವಾಗಿ ಗಾಡಿಯೇ ನನ್ನನ್ನು ಹೊತ್ತು ದಾಟಿತು. ಇನ್ನು ಆ ಮೇಲಕ್ಕೆದ್ದ ಮಡ್‌ಗಾರ್ಡು. ಮಳೆಗಾಲದಲ್ಲಿ ಎರಿ ಮಣ್ಣಿನ ಹಾದಿಯಲ್ಲಿ ಗಾಡಿ ಹೊಡೆದವರಿಗೆ ಅದರ ಬೆಲೆ ಗೊತ್ತು. ಹತ್ತು ಹೆಜ್ಜೆಗೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ, ಇಳಿದು ಕಟ್ಟಿಗೆಯಿಂದ ಕೆದರಬೇಕು. ಈ ಗಾಡಿ ಮಾಡಿದವರು ಆ ಕಷ್ಟವನ್ನು ಮೊದಲೇ ಎಣಿಸಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದಾರೆ!

ಮೆಚ್ಚದ್ದೂ ಇದೆ. ಸೀಟು ಹಲಗೆಯಷ್ಟು ಗಟ್ಟಿ. ಟ್ಯಾಂಕಿಗೆ ಹಿಡಿಯುವುದು ಆರು ಲೀಟರ್ ಚಿಲ್ಲರೆ ಪೆಟ್ರೋಲು. ಸರ್ವಿಸ್ ಕಿಲೊಮೀಟರ್ ಲೆಕ್ಕದಲ್ಲಿಲ್ಲ, ಟ್ರ್ಯಾಕ್ಟರ್ ಹಾಗೆ ತಾಸಿನ ಲೆಕ್ಕ. ಸದ್ದು ಎಷ್ಟೆಂದರೆ ಪಕ್ಕದ ಹೊಲದವರ ಎತ್ತು ಬೆದರಿದವು. ಅವು ಹಾದು ಹೋಗುವವರೆಗೆ ಅಣ್ಣ ಎಂಜಿನ್ ಆಫ್ ಮಾಡಿಸಿದ.

ಇಷ್ಟಾದರೆ ಇದು ಬರೀ ಬೈಕಿನ ವರ್ಣನೆ ಆಗುತ್ತಿತ್ತು. ನಾನು ಬರೆಯಲು ಕುಳಿತದ್ದು ಆಮೇಲಿನ ಪಾಠಕ್ಕಾಗಿ.

ಅಣ್ಣ ಒಲೆಯ ಬೂದಿ ತಂದು ಹೊಲದಲ್ಲಿ ಅಡ್ಡ ಗೆರೆ ಎಳೆದ. ‘ಎರಡನೇ ಗೇರಿನಲ್ಲಿ ಬಾ. ಗೆರೆ ಮುಟ್ಟಿದ ಮೇಲೆ ಬ್ರೇಕ್ ಹಿಡಿ. ಮೊದಲು ಹಿಂದಿಂದು ಮಾತ್ರ.’ ಹಿಡಿದೆ. ಹಿಂದಿನ ಗಾಲಿ ಜಾಮ್ ಆಗಿ, ಗಾಡಿ ಹಾವಿನಂತೆ ಹೊರಳಿ, ಗೆರೆ ದಾಟಿ ಹದಿನೈದು ಹೆಜ್ಜೆಗೆ ನಿಂತಿತು. ‘ಈಗ ಮುಂದಿಂದೂ ಹಿಡಿ.’ ಒಮ್ಮೆಲೇ ಮುಷ್ಟಿ ಬಿಗಿದೆ. ಮುಂದಿನ ಗಾಲಿ ಮಡಚಿತು, ಮೂರನೇ ಸಲ ಬಿದ್ದೆ. ‘ಎರಡು ಬೆರಳು ಸಾಕು. ಹಾಲು ಹಿಂಡಿದ ಹಂಗ, ಮೊದಲು ಹಗುರ, ಆಮ್ಯಾಲ ಗಟ್ಟಿ.’ ನಾಲ್ಕೈದು ಸಲ ಆದ ಮೇಲೆ ಎರಡೂ ಬ್ರೇಕ್ ಕೂಡಿ ಬಂದವು. ಹೆಜ್ಜೆ ಎಣಿಸಿದೆವು, ಒಂಬತ್ತು.

ಹದಿನೈದು ಮತ್ತು ಒಂಬತ್ತು. ನಡುವೆ ಆರು ಹೆಜ್ಜೆ.

ಬೇವಿನ ಗಿಡದ ಕೆಳಗೆ ನನ್ನ ಪಿಯುಸಿ ಗೆಳೆಯ ಕುಳಿತಿದ್ದ. ಒಂದು ಕಾಲು ನೇರ ಚಾಚಿಯೇ ಕೂರುತ್ತಾನೆ, ಒಳಗೆ ರಾಡ್ ಇದೆ. ಎರಡು ವರ್ಷದ ಹಿಂದೆ ಕಬ್ಬಿನ ಹಂಗಾಮಿನಲ್ಲಿ, ರಾತ್ರಿ ಊರಿಗೆ ಬರುವಾಗ ರಸ್ತೆ ಬದಿ ನಿಂತಿದ್ದ ಟ್ರೇಲರಿಗೆ ಗುದ್ದಿದ್ದ. ಟ್ರೇಲರಿನ ಹಿಂದೆ ದೀಪವೂ ಇರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಅದು ತಪ್ಪೇ. ಆದರೆ ಆ ದಿನ ಅವನು ಹೆಜ್ಜೆ ಎಣಿಸುವುದನ್ನು ನೋಡುತ್ತ ಮೆಲ್ಲಗೆ ಅಂದ, ‘ನಾ ಹಿಂದಿಂದ ಅಷ್ಟೇ ಒತ್ತಿದ್ದೆನೋ. ಮುಂದಿಂದು ಹಿಡಿದ್ರ ಪಲ್ಟಿ ಆಗ್ತದ ಅಂತ ಹೇಳಿದ್ರಲ್ಲ ನಮಗ.’

ಹೌದು, ನಮಗೆಲ್ಲ ಹಾಗೇ ಹೇಳಿದ್ದರು. ನಮ್ಮೂರಲ್ಲಿ ಗಾಡಿ ಕಲಿಯುವುದು ಹೇಗೆ? ಹೈಸ್ಕೂಲಿಗೆ ಬರುವಷ್ಟರಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಇಟ್ಟುಕೊಂಡು ಹುಡುಗರು ಹೊಲಕ್ಕೆ ಹೋಗಿ ಬರುತ್ತಾರೆ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಪಾಲಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಹೊಲದ ಹಾದಿಯಲ್ಲಿ ಅದನ್ನು ಕೇಳುವವರು ಯಾರು? ಕಲಿಸುವವನು ನಮಗಿಂತ ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಹುಡುಗ. ಗೇರ್ ಹಾಕುವುದು ಬಂತು ಅಂದರೆ ಗಾಡಿ ಬಂತು. ಹದಿನೆಂಟು ತುಂಬಿದ ಮೇಲೆ ಎಂಟು ಹಾಕಿ ತೋರಿಸಿ ಲೈಸೆನ್ಸ್ ತರುತ್ತೇವೆ. ಓಡಿಸುವುದು ಎಲ್ಲರಿಗೂ ಗೊತ್ತು. ನಿಲ್ಲಿಸುವುದನ್ನು ಯಾರೂ ಕಲಿಸಿಲ್ಲ. ಗಾಡಿ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಗಾಲಿಯಲ್ಲಿದೆ, ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಇಷ್ಟು ಚಿಕ್ಕ ಸಂಗತಿ ನನಗೆ ತಿಳಿಯಲು ಎಂಟು ಲಕ್ಷದ ಗಾಡಿ ಪುಣೆಯಿಂದ ಬರಬೇಕಾಯಿತು.

ಮಣ್ಣಿನ ದೊಡ್ಡ ಗುಣವೇ ಇದು. ಗಾಲಿ ಜಾರುವುದು ಹೇಗಿರುತ್ತದೆ ಎಂದು ಡಾಂಬರು ರಸ್ತೆ ಎಂಬತ್ತರ ವೇಗದಲ್ಲಿ ಒಂದೇ ಸಲ ಕಲಿಸುತ್ತದೆ, ಎಷ್ಟೋ ಸಲ ಅದೇ ಕೊನೆಯ ಪಾಠ. ಮಣ್ಣು ಅದನ್ನು ಇಪ್ಪತ್ತೈದರ ವೇಗದಲ್ಲಿ ಹತ್ತು ಸಲ ಕಲಿಸುತ್ತದೆ. ಬಿದ್ದರೆ ಮೈಗೆ ಧೂಳು, ಹೆಚ್ಚೆಂದರೆ ಮೂಗೇಟು.

ಹಾಗಂತ ಮೋಟೊಕ್ರಾಸ್ ಮಕ್ಕಳಾಟ ಎನ್ನುತ್ತಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಗೆ ಹೋದ ಮೊದಲ ಭಾರತೀಯ. ಮೊದಲ ಯತ್ನದಲ್ಲೇ 36ನೆಯವರಾಗಿ ಮುಗಿಸಿದರು. ಅವರೇ 2021ರಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದರು, ಆಮೇಲೆ ಚೇತರಿಸಿಕೊಂಡರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಇವರೂ ಬೀಳುತ್ತಾರೆ. ಆದರೆ ಕವಚ ತೊಟ್ಟು, ಕಲಿತು, ವೈದ್ಯರ ಗಾಡಿ ಇರುವಲ್ಲಿ ಬೀಳುತ್ತಾರೆ. ನಾವು ತಲೆಗೆ ಟವೆಲ್ ಸುತ್ತಿ, ರಾತ್ರಿ, ಇಬ್ಬರನ್ನು ಹಿಂದೆ ಕೂರಿಸಿಕೊಂಡು ಬೀಳುತ್ತೇವೆ. ಧೈರ್ಯ ಯಾರದು ದೊಡ್ಡದು ಎಂದು ಕೇಳಿದರೆ ನಮ್ಮದೇ. ಬುದ್ಧಿ ಯಾರದು ಎಂದು ಕೇಳಬೇಡಿ.

ಸಂತೋಷ್ ಅವರು ಕೋಲಾರದ ಬಳಿ ಬಿಗ್ ರಾಕ್ ಎಂಬ ಮಣ್ಣಿನ ತರಬೇತಿ ತಾಣ ಕಟ್ಟಿದ್ದಾರೆ. ನಮಗೆ ಅದು ಆರುನೂರು ಕಿಲೊಮೀಟರಿಗೂ ಆಚೆ. ಕಲಬುರಗಿ ಜಿಲ್ಲೆಗೇ ಅಂಥದೊಂದು ಯಾಕೆ ಬೇಡ? ತಾಲ್ಲೂಕಿಗೊಂದು ಕ್ರೀಡಾಂಗಣ ಬೇಕು ಎನ್ನುತ್ತೇವೆ. ಅದಕ್ಕೆ ಕಾಂಕ್ರೀಟು, ಮೆಟ್ಟಿಲು, ಚಾವಣಿ ಬೇಕು. ಮಣ್ಣಿನ ಟ್ರ್ಯಾಕಿಗೆ ಮೂರು ನಾಲ್ಕು ಎಕರೆ ಬೀಳು ಜಮೀನು, ಎರಡು ದಿನದ ಜೆಸಿಬಿ ಕೆಲಸ, ಧೂಳಿಗೆ ಒಂದು ಟ್ಯಾಂಕರ್ ನೀರು, ಹತ್ತು ಹೆಲ್ಮೆಟ್ಟು, ಕಲಿಸಲು ತಿಳಿದವರೊಬ್ಬರು ಬೇಕು. ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ಒಂದು ಪ್ರದೇಶಾಭಿವೃದ್ಧಿ ಮಂಡಳಿಯೇ ಇದೆ. ಯುವಜನರಿಗೆ ಎಂದು ಬರೆದಿಡುವ ಯೋಜನೆಗಳಲ್ಲಿ ಇದಕ್ಕೂ ಒಂದು ಸಾಲು ಜಾಗ ಸಿಗಲಿ.

‘ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ’ ಎಂದರು ಅಪ್ಪ ಇದನ್ನು ಹೇಳಿದಾಗ. ಅವರ ಮಾತು ತೆಗೆದುಹಾಕುವಂಥದಲ್ಲ. ತೊಗರಿ ಒಂದು ವರ್ಷ ನೆಟೆ ರೋಗಕ್ಕೆ ಹೋಗುತ್ತದೆ, ಒಂದು ವರ್ಷ ರೇಟಿಗೆ. ಎಂಟು ಲಕ್ಷದ ಆಟ ಯಾರಿಗೆ ಬೇಕು? ನಾನು ಕೇಳುತ್ತಿರುವುದು ಆ ಗಾಡಿಯನ್ನಲ್ಲ. 1924ರಲ್ಲಿ ಇಂಗ್ಲೆಂಡಿನಲ್ಲಿ ಈ ಆಟ ‘ಸ್ಕ್ರ್ಯಾಂಬಲ್’ ಎಂಬ ಹೆಸರಲ್ಲಿ ಶುರುವಾದಾಗ ಓಡಿದ್ದು ಮಾಮೂಲಿ ರಸ್ತೆ ಗಾಡಿಗಳೇ. ನಮ್ಮ ಟ್ರ್ಯಾಕಿನಲ್ಲೂ ಮನೆಯ ಹಳೆ ಗಾಡಿ ಸಾಕು, ಹುಡುಗಿಯರ ಸ್ಕೂಟಿಯೂ ಬರಲಿ. ಗೆರೆ ಎಳೆದು ಬ್ರೇಕ್ ಹಿಡಿಸಿ. ನೂರು ಮಂದಿ ಕಲಿತರೆ ಅದರಲ್ಲಿ ಒಬ್ಬ ರೇಸಿಗೆ ಹೋಗಬಹುದು. ಉಳಿದ ತೊಂಬತ್ತೊಂಬತ್ತು ಮಂದಿ ರಾತ್ರಿ ಮನೆಗೆ ಬರುತ್ತಾರೆ. ನನ್ನ ಲೆಕ್ಕದಲ್ಲಿ ದೊಡ್ಡ ಗೆಲುವು ಅದೇ.

ಅಣ್ಣ ಮರುದಿನ ಗಾಡಿಗೆ ತಾಡಪತ್ರಿ ಹೊದಿಸಿಕೊಂಡು ಪುಣೆಗೆ ಹೋದ. ನಾನು ಅಪ್ಪನ ಸ್ಪ್ಲೆಂಡರ್ ತೆಗೆದು ಬೂದಿಯ ಗೆರೆಯ ಹತ್ತಿರ ಹೋದೆ. ಮುಂದಿನ ಬ್ರೇಕ್ ಹಿಡಿದೆ, ಲಿವರ್ ಹ್ಯಾಂಡಲಿಗೆ ಬಂದು ಬಡಿಯಿತು. ಕೇಬಲ್ಲೇ ಇರಲಿಲ್ಲ. ಎಂದೋ ಹರಿದಿರಬೇಕು, ಯಾರಿಗೂ ಬೇಕೆನಿಸಿರಲಿಲ್ಲ. ಎಂಟು ವರ್ಷ ಓಡಿಸಿದ ನನಗೂ.

ಮೆಕ್ಯಾನಿಕ್ ಹತ್ತಿರ ಒಯ್ದರೆ, ‘ಹಿಂದಿಂದು ಚಲೋ ಅದಲ್ಲ, ಇದ್ಯಾಕ ಬೇಕು ತಮ್ಮಾ?’ ಎಂದು ಕೇಳಿದ. ಹೊಸ ಕೇಬಲ್ಲು, ಬ್ರೇಕ್ ಶೂ ಹಾಕಿಸಿದೆ. ಹೊಸ ಬೈಕಿನ ಮಾತನ್ನು ಸದ್ಯಕ್ಕೆ ನಾನೇ ಮುಂದೆ ಹಾಕಿದ್ದೇನೆ. ಅಪ್ಪನಿಗೆ ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ. ತೊಗರಿ ಹಣದಲ್ಲಿ ಮೊದಲು ಎರಡು ಒಳ್ಳೆಯ ಹೆಲ್ಮೆಟ್ ತರುವುದು ಎಂದಷ್ಟೇ ಮಾತಾಗಿದೆ, ಒಂದು ನನಗೆ, ಒಂದು ಅವರಿಗೆ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಅಂಗಳಕ್ಕೆ ಹೋಗಿ ನಿಮ್ಮ ಗಾಡಿಯ ಬಲಗೈ ಬ್ರೇಕ್ ಒಮ್ಮೆ ಹಿಡಿದು ನೋಡಿ.