ರಕ್ತಪರೀಕ್ಷೆಯ ಆಚಾರ್ಯ ಪೌಲ್ ಎರ್ಲಿಖ್

ಕಳೆದ ತಿಂಗಳು ನಮ್ಮ ಮೊಮ್ಮಗಳಿಗೆ ನಾಲ್ಕು ದಿನ ಬಿಡದೆ ಜ್ವರ ಬಂದಿತು. ವೈದ್ಯರು ರಕ್ತಪರೀಕ್ಷೆ ಮಾಡಿಸಬೇಕೆಂದರು. ಸಂಜೆಗೆ ಕೈಸೇರಿದ ಕಾಗದದಲ್ಲಿ ನ್ಯೂಟ್ರೋಫಿಲ್, ಇಯೋಸಿನೋಫಿಲ್, ಬೇಸೋಫಿಲ್ ಎಂಬ ಹೆಸರುಗಳೂ ಅವುಗಳ ಎದುರಿಗೆ ಅಂಕಿಗಳೂ ಇದ್ದುವು. "ಇವು ರಾಕ್ಷಸರ ಹೆಸರುಗಳೇನು, ತಾತ?" ಎಂದು ಮಗು ಕೇಳಿತು. ಮೂವತ್ತು ವರ್ಷಗಳಿಗೂ ಮೇಲೆ ಹುಡುಗರಿಗೆ ಪಾಠ ಹೇಳಿದ ನಮಗೆ ಒಡನೆ ಉತ್ತರ ತೋರಲಿಲ್ಲ. ಜ್ವರ ಇಳಿದು ಮಗು ಆಟಕ್ಕೆ ಓಡಿತು. ಪ್ರಶ್ನೆ ಮಾತ್ರ ನಮ್ಮಲ್ಲಿಯೇ ಉಳಿಯಿತು. ಗ್ರಂಥಗಳನ್ನು ತೆರೆದು ನೋಡಲಾಗಿ, ಈ ಹೆಸರುಗಳು ಒಬ್ಬನೇ ಪುರುಷನ ಪ್ರಯೋಗಶಾಲೆಯಿಂದ ಹೊರಟವೆಂದು ತಿಳಿದುಬಂದಿತು. ಆ ಮಹನೀಯನ ವೃತ್ತಾಂತವನ್ನೇ ಈ ಸಲ ವಾಚಕರ ಮುಂದಿಡುತ್ತೇವೆ.

ಪೌಲ್ ಎರ್ಲಿಖ್ 1854ನೆಯ ಇಸವಿ ಮಾರ್ಚಿ 14ರಂದು ಸೈಲೀಸಿಯಾ ಪ್ರಾಂತದ ಸ್ಟ್ರೇಲೆನ್ ಎಂಬ ಸಣ್ಣ ಊರಿನಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. ಆಗ ಪ್ರಷ್ಯಕ್ಕೆ ಸೇರಿದ್ದ ಈ ಊರು ಈಗ ಪೋಲೆಂಡ್ ದೇಶದಲ್ಲಿರುವುದು. ಬ್ರೆಸ್ಲೌ ನಗರದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಹುಡುಗನಿಗೆ ಗಣಿತವೂ ಲ್ಯಾಟಿನ್ ಭಾಷೆಯೂ ಪ್ರಿಯವಾಗಿದ್ದುವು. ಪರೀಕ್ಷೆಯೆಂದರೆ ಭಯ, ಪ್ರಬಂಧರಚನೆಯೆಂದರೆ ಸಂಕಟ. ಒಮ್ಮೆ "ಜೀವನವೊಂದು ಸ್ವಪ್ನ" ಎಂಬ ವಿಷಯವನ್ನು ಕೊಟ್ಟಾಗ, ಜೀವನವೆಂಬುದು ದೇಹದಲ್ಲಿ ನಡೆಯುವ ಒಂದು ಬಗೆಯ ದಹನಕ್ರಿಯೆ, ಸ್ವಪ್ನವೆಂಬುದು ಮಿದುಳಿನ ಮಿಣುಕು ಬೆಳಕು ಎಂದು ಈತನು ಬರೆದಿಟ್ಟನೆಂದೂ, ಉಪಾಧ್ಯಾಯರು ಪ್ರಸನ್ನರಾಗಲಿಲ್ಲವೆಂದೂ ಒಂದು ಕಥೆಯುಂಟು. ಈ ಕಥೆಯನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ನಾವೂ ಎಷ್ಟೋ ಪ್ರಬಂಧಗಳ ಮೇಲೆ ಕೆಂಪು ಗೀಟು ಎಳೆದವರೇ. ಅವುಗಳಲ್ಲಿ ಯಾವುದರ ಒಳಗೆ ಏನು ಹುದುಗಿತ್ತೋ ಬಲ್ಲವರು ಯಾರು?

ಆ ಕಾಲದಲ್ಲಿ ಯೂರೋಪಿನಲ್ಲಿ ಹೊಸದೊಂದು ಸಂಪತ್ತು ಹುಟ್ಟಿದ್ದಿತು. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ತರುಣನು ಕಲ್ಲಿದ್ದಲಿನ ಡಾಂಬರಿನಿಂದ ನೇರಿಳೆ ಬಣ್ಣವನ್ನು ತೆಗೆದಿದ್ದನು. ಅಲ್ಲಿಂದ ಮುಂದೆ ಜರ್ಮನಿಯ ಕಾರ್ಖಾನೆಗಳು ನೂರಾರು ಹೊಸ ಬಣ್ಣಗಳನ್ನು ತಯಾರಿಸತೊಡಗಿದುವು. ಎರ್ಲಿಖನ ಸೋದರಬಂಧು ಕಾರ್ಲ್ ವೈಗರ್ಟ್ ಎಂಬ ವೈದ್ಯನು ಈ ಬಣ್ಣಗಳಿಂದ ದೇಹದ ತೆಳು ಪದರುಗಳನ್ನು ಬಣ್ಣಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ತರುಣ ಪೌಲನಿಗೆ ಅದೇ ಹುಚ್ಚು ಹಿಡಿಯಿತು. ಸ್ಟ್ರಾಸ್‌ಬರ್ಗಿನಲ್ಲಿ ಓದುತ್ತಿದ್ದಾಗ ಈತನ ಮೇಜಿನ ತುಂಬ ಬಗೆಬಗೆಯ ಬಣ್ಣದ ಕಲೆಗಳಿದ್ದುವಂತೆ. ಗುರುವಾದ ವಾಲ್ಡೈಯರ್ ಅದನ್ನು ಕಂಡೂ ಶಿಷ್ಯನನ್ನು ಗದರಿಸದೆ ಅವನ ದಾರಿಗೆ ಬಿಟ್ಟನು. ಗುರುವೆಂದರೆ ಅಂಥವನೇ ಸರಿ.

ಎರ್ಲಿಖನ ಮನಸ್ಸನ್ನು ಸೆಳೆದ ಸಂಗತಿ ನಮ್ಮ ಗೃಹಿಣಿಯರಿಗೆಲ್ಲ ಪರಿಚಿತವಾದುದೇ. ಅರಿಸಿನವು ಬಿಳಿಯ ಬಟ್ಟೆಗೆ ತಗುಲಿದರೆ ಬಿಡದು. ಗಾಜಿನ ಲೋಟಕ್ಕೆ ತಗುಲಿದರೆ ಒಂದು ಚೊಂಬು ನೀರಿಗೆ ಹೋಗುವುದು. ಹಾಗೆಯೇ ಒಂದು ಬಣ್ಣವು ದೇಹದ ಒಂದು ಕಣವನ್ನು ಹಿಡಿದು ಪಕ್ಕದ ಕಣವನ್ನು ಏಕೆ ಬಿಡುವುದು? ಅವೆರಡಕ್ಕೂ ರಾಸಾಯನಿಕವಾದ ಯಾವುದೋ ಬಾಂಧವ್ಯವಿರಲೇಬೇಕು. ಈ ಒಂದು ಪ್ರಶ್ನೆಯೇ ಆತನ ಜೀವನದ ಸೂತ್ರವಾಯಿತು.

1878ರಲ್ಲಿ ಲೈಪ್ಸಿಗ್ ವಿದ್ಯಾಪೀಠದಿಂದ ವೈದ್ಯಪದವಿಯನ್ನು ಪಡೆದು, ಬರ್ಲಿನ್ನಿನ ಶರಿಟೇ ಆಸ್ಪತ್ರೆಯಲ್ಲಿ ಫ್ರೆರಿಕ್ಸ್ ಎಂಬ ಹಿರಿಯ ವೈದ್ಯನ ಕೈಕೆಳಗೆ ಎರ್ಲಿಖ್ ಕೆಲಸಕ್ಕೆ ನಿಂತನು. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಹದವಾದ ಶಾಖದಿಂದ ಒಣಗಿಸಿ, ಅದಕ್ಕೆ ಬಣ್ಣಗಳನ್ನು ಉಣಿಸಿ ನೋಡುವ ಕ್ರಮವನ್ನು ಅಲ್ಲಿ ರೂಪಿಸಿದನು. ಅದುವರೆಗೆ ಬಿಳಿಯ ರಕ್ತಕಣಗಳ ಭೇದಗಳನ್ನು ಸ್ಪಷ್ಟವಾಗಿ ಗುರುತಿಸುವ ಉಪಾಯವಿರಲಿಲ್ಲ. ಈಗ ಕೆಲವು ಕಣಗಳು ಆಮ್ಲಗುಣದ ಬಣ್ಣವನ್ನು ಕುಡಿದುವು, ಕೆಲವು ಕ್ಷಾರಗುಣದ್ದನ್ನು, ಕೆಲವು ಎರಡರ ನಡುವಣದ್ದನ್ನು. ಇಯೋಸಿನ್ ಎಂಬ ಕೆಂಬಣ್ಣವನ್ನು ಒಲಿದುದು ಇಯೋಸಿನೋಫಿಲ್. ಗ್ರೀಕರಲ್ಲಿ ಇಯೋಸ್ ಎಂದರೆ ಅರುಣೋದಯದ ದೇವತೆ. ನಮ್ಮ ವೇದದ ಉಷಸ್ ಎಂಬ ಶಬ್ದಕ್ಕೂ ಅದಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುವರು. ಫಿಲ್ ಎಂದರೆ ಪ್ರಿಯ. ಆದುದರಿಂದ ಆ ರಾಕ್ಷಸನಾಮವನ್ನು "ಉಷಃಪ್ರಿಯ" ಎಂದು ಅನುವಾದಿಸಿ ಹೇಳಲಾಗಿ ನಮ್ಮ ಮೊಮ್ಮಗಳು ಸಂತೋಷಪಟ್ಟಳು.

ಇದು ಕೇವಲ ಬಣ್ಣದಾಟವಾಗಿರಲಿಲ್ಲ. ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವ ಘೋರ ರೋಗಕ್ಕೆ ವಿರ್ಖೋ ಎಂಬ ಜರ್ಮನ್ ಪಂಡಿತನು 1847ರಲ್ಲಿ ಲ್ಯುಕೀಮಿಯಾ ಎಂದು ಹೆಸರಿಟ್ಟಿದ್ದನು. ರಕ್ತದ ಅರ್ಬುದವೆಂದು ನಾವು ಈಗ ಹೇಳುವುದು ಇದನ್ನೇ. ಎಲುಬಿನ ಮಜ್ಜೆಯ ಕಣಗಳಿಂದ ಹುಟ್ಟುವ ಲ್ಯುಕೀಮಿಯಾ ಒಂದು, ದುಗ್ಧಗ್ರಂಥಿಗಳ ಜಾತಿಯ ಕಣಗಳಿಂದ ಹುಟ್ಟುವುದು ಇನ್ನೊಂದು ಎಂದು ಬೇರ್ಪಡಿಸಲು ಎರ್ಲಿಖನ ಬಣ್ಣಗಳೇ ಸಾಧನವಾದುವು. 1888ರಲ್ಲಿ ಗರ್ಭಿಣಿಯಾದ ತರುಣಿಯೊಬ್ಬಳ ಮಜ್ಜೆಯು ರಕ್ತವನ್ನು ಹುಟ್ಟಿಸುವುದನ್ನೇ ನಿಲ್ಲಿಸಿದ್ದುದನ್ನು ಕಂಡು ವರ್ಣಿಸಿದವನೂ ಈತನೇ.

ಅದೇ ವರ್ಷ ಆತನ ಮೇಲೆಯೇ ವಿಪತ್ತು ಎರಗಿತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯರೋಗದ ಜಂತುವನ್ನು ಲೋಕಕ್ಕೆ ತೋರಿಸಿದ ಸಭೆಯಲ್ಲಿ ಎರ್ಲಿಖನೂ ಇದ್ದನು. ಆ ಜಂತುವಿಗೆ ಬಣ್ಣ ಕಟ್ಟುವ ಕ್ರಮವನ್ನು ಕೂಡಲೆ ಉತ್ತಮಗೊಳಿಸಿದ್ದನು. ಈಗ ಅದೇ ಕ್ರಮದಿಂದ ತನ್ನ ಕಫದಲ್ಲಿಯೇ ಅದೇ ಜಂತುಗಳನ್ನು ಕಂಡನು. ಪತ್ನಿಯಾದ ಹೆಡ್ವಿಗಳೊಡನೆ ಈಜಿಪ್ತಿನ ಒಣಹವೆಗೆ ಹೋಗಿ, ಗುಣಹೊಂದಿ, 1889ರಲ್ಲಿ ಹಿಂದಿರುಗಿದಾಗ ಕೈಯಲ್ಲಿ ಉದ್ಯೋಗವಿರಲಿಲ್ಲ. ಎರಡು ವರ್ಷಗಳ ತರುವಾಯ ಕಾಖನೇ ಕರೆದು ತನ್ನ ಸಂಸ್ಥೆಯಲ್ಲಿ ಸ್ಥಳವಿತ್ತನು. ಅಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದ ಗಂಟಲಮಾರಿಗೆ ಕುದುರೆಯ ರಕ್ತದಿಂದ ತೆಗೆದ ಔಷಧದ ಶಕ್ತಿಯನ್ನು ಅಳೆಯುವ ಮಾನವನ್ನು ಎರ್ಲಿಖ್ ಗೊತ್ತುಪಡಿಸಿದನು. 1899ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಈತನಿಗೆಂದೇ ಒಂದು ಸಂಶೋಧನಸಂಸ್ಥೆ ತಲೆಯೆತ್ತಿತು.

ಇನ್ನು ಅರ್ಬುದದ ವಿಷಯ. ಗುಂಡಾಗಿ, ಗಟ್ಟಿಯಾಗಿ, ಮೆಲ್ಲಮೆಲ್ಲನೆ ಬೆಳೆದು, ಕೀವುಗಟ್ಟದೆ ಉಳಿಯುವ ಗಂತಿಯನ್ನು ಸುಶ್ರುತಸಂಹಿತೆಯು ಅರ್ಬುದವೆಂದು ಕರೆದಿದೆ. ಇದ್ದ ಕಡೆಯಲ್ಲಿಯೇ ಮತ್ತೊಂದು ಹುಟ್ಟಿದರೆ ಅಧ್ಯರ್ಬುದವೆಂದಿದೆ. ಯೂರೋಪಿನಲ್ಲಿಯೂ ಈ ವ್ಯಾಧಿ ಗುಡಿಸಲು ಅರಮನೆಗಳೆಂಬ ಭೇದವನ್ನು ಎಣಿಸಲಿಲ್ಲ. ಜರ್ಮನ್ ಚಕ್ರವರ್ತಿ ಮೂರನೆಯ ಫ್ರೆಡರಿಕ್ 1888ರಲ್ಲಿ ಗಂಟಲಿನ ಅರ್ಬುದದಿಂದ, ಕೇವಲ 99 ದಿನ ರಾಜ್ಯವಾಳಿ, ತೀರಿಕೊಂಡನು. ಆತನ ವಿಧವೆ ವಿಕ್ಟೋರಿಯಾ 1901ರಲ್ಲಿ ಅದೇ ವ್ಯಾಧಿಗೆ ತುತ್ತಾದಳು. ಫ್ರಾಂಕ್‌ಫರ್ಟಿನ ಧನವಂತರು ಹಣ ಕೂಡಿಸಿದರು. ಮಗನಾದ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಎರ್ಲಿಖನನ್ನು ಈ ಕಾರ್ಯಕ್ಕೆ ತೊಡಗೆಂದು ಕೇಳಿಕೊಂಡನು.

ರಾಜಾಜ್ಞೆಯೂ ಧನವೂ ಒಟ್ಟಿಗೆ ಬಂದ ಈ ಸಂದರ್ಭದಲ್ಲಿ ಎರ್ಲಿಖ್ ಕೊಟ್ಟ ಉತ್ತರವೇ ನಾವು ಈ ಲೇಖನವನ್ನು ಬರೆಯಲು ಮುಖ್ಯ ಕಾರಣ. ಮೊದಲು ರೋಗದ ಸ್ವರೂಪವನ್ನು ತಿಳಿಯುವುದೇ ಕೆಲಸ, ಶೀಘ್ರದಲ್ಲಿ ಮದ್ದು ದೊರಕುವುದೆಂದು ಯಾರೂ ಎದುರುನೋಡಬಾರದು ಎಂದು ಆತನು ಹಣ ಕೊಟ್ಟವರಿಗೇ ತಿಳಿಸಿಬಿಟ್ಟನು. ಬಳಿಕ ವರ್ಷಗಟ್ಟಲೆ ಇಲಿಗಳಲ್ಲಿ ಗಂತಿಗಳನ್ನು ನಾಟಿ ನೋಡಿದನು. ಒಂದರಿಂದ ಒಂದಕ್ಕೆ ನಾಟುತ್ತ ಹೋದಂತೆ ಗಂತಿಯ ಕ್ರೌರ್ಯವು ಹೆಚ್ಚುವುದನ್ನೂ, ಒಂದು ಗಂತಿಯು ಬೆಳೆಯುತ್ತಿರುವ ಇಲಿಯಲ್ಲಿ ಎರಡನೆಯದು ಅನೇಕ ವೇಳೆ ಬೇರೂರದಿರುವುದನ್ನೂ ಕಂಡನು. ನಮ್ಮ ದೇಹದಲ್ಲಿ ಕೆಟ್ಟ ಕಣಗಳು ಆಗಾಗ ಹುಟ್ಟುತ್ತಿರಬಹುದು, ದೇಹದ ರಕ್ಷಣಶಕ್ತಿಯೇ ಅವುಗಳನ್ನು ಅಡಗಿಸುತ್ತಿರಬಹುದು ಎಂದು 1909ರಲ್ಲಿ ಊಹಿಸಿದನು. ಅಂದು ಅದಕ್ಕೆ ಸಾಕಷ್ಟು ಪ್ರಮಾಣವಿರಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 2018ರಲ್ಲಿ, ಆ ರಕ್ಷಣಶಕ್ತಿಯ ಕಡಿವಾಣವನ್ನು ಸಡಿಲಿಸಿ ಅರ್ಬುದವನ್ನು ಎದುರಿಸುವ ಮಾರ್ಗವನ್ನು ತೋರಿದ ಆಲಿಸನ್, ಹೊಂಜೊ ಎಂಬಿಬ್ಬರಿಗೆ ನೊಬೆಲ್ ಬಹುಮಾನವು ಸಂದಿತು.

ಎರ್ಲಿಖನಿಗೆ ಆ ಬಹುಮಾನ ಸಂದುದು 1908ರಲ್ಲಿ, ರೋಗನಿರೋಧ ಶಾಸ್ತ್ರಕ್ಕಾಗಿ, ಮೆಚ್ನಿಕೋಫನೊಡನೆ. ಆದರೆ ಲೋಕದಲ್ಲಿ ಹೆಸರು ಹಬ್ಬಿದುದು ಮರುವರ್ಷದ ಕೆಲಸದಿಂದ. ಬಣ್ಣವು ಒಂದೇ ಕಣವನ್ನು ಹಿಡಿಯುವಂತೆ, ರೋಗಿಗೆ ಬಾಧೆಯಾಗದೆ ಜಂತುವನ್ನು ಮಾತ್ರ ಹಿಡಿದು ಕೊಲ್ಲುವ ಮದ್ದು ಇರಬಾರದೇಕೆ? ಪಾಷಾಣದಿಂದ ತಯಾರಿಸಿದ ನೂರಾರು ಸಂಯುಕ್ತಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ, ಜಪಾನಿನ ಹಾತಾ ಎಂಬ ಸಹಾಯಕನು 1909ರಲ್ಲಿ 606ನೆಯ ಸಂಖ್ಯೆಯದು ಫಿರಂಗಿ ರೋಗಕ್ಕೆ ಮದ್ದೆಂದು ಕಂಡನು. ಇಂಥ ಚಿಕಿತ್ಸೆಗೆ ಎರ್ಲಿಖ್ ಕೀಮೋಥೆರಪಿ ಎಂದು ಹೆಸರಿಟ್ಟನು. ಅರ್ಬುದಕ್ಕೆ ಅಂಥ ಮದ್ದು ಆತನ ಕಾಲದಲ್ಲಿ ದೊರಕಲಿಲ್ಲ. 1940ರ ದಶಕದಲ್ಲಿ ದೊರಕತೊಡಗಿತು. ಆದರೂ ಇಂದು ಆ ಹೆಸರನ್ನು ಕೇಳಿದೊಡನೆ ಜನರಿಗೆ ನೆನಪಾಗುವುದು ಅರ್ಬುದವೇ.

ಕೀರ್ತಿಯ ಹಿಂದೆಯೇ ದ್ವೇಷವೂ ಬಂದಿತು. ಹೊಸ ಮದ್ದಿನಿಂದ ಕೆಲವರಿಗೆ ಕೇಡಾಯಿತು. ಹಣದಾಸೆಯ ಅಪವಾದವೂ ಹುಟ್ಟಿತು. 1914ರಲ್ಲಿ ಆ ಕಲಹವು ನ್ಯಾಯಸ್ಥಾನವನ್ನು ಮುಟ್ಟಿ, ನಿಂದಿಸಿದ ಪತ್ರಿಕಾಕರ್ತನಿಗೆ ಶಿಕ್ಷೆಯಾಯಿತು. ಆದರೆ ಆ ವೇಳೆಗೆ ಎರ್ಲಿಖನ ದೇಹ ಜರ್ಜರಿತವಾಗಿದ್ದಿತು. ದಿನಕ್ಕೆ ಇಪ್ಪತ್ತೈದರವರೆಗೆ ಚುಟ್ಟ ಸೇದುವ ಚಟವೂ ಆತನಿಗಿದ್ದಿತು. ದೊಡ್ಡವರ ಈ ದೋಷವನ್ನು ಅನುಕರಿಸತಕ್ಕುದಲ್ಲ. 1915ನೆಯ ಆಗಸ್ಟ್ 20ರಂದು ಬಾಡ್ ಹೋಂಬುರ್ಗಿನಲ್ಲಿ ಹೃದಯಾಘಾತದಿಂದ ಕಾಲವಾದನು. ಮುಂದೆ ನಾತ್ಸಿಗಳು ಯೆಹೂದ್ಯನೆಂಬ ಕಾರಣಕ್ಕೆ ಆತನ ಹೆಸರನ್ನು ಬೀದಿಯ ಫಲಕದಿಂದ ತೆಗೆಸಿದರು. ವೃದ್ಧೆ ಹೆಡ್ವಿಗ್ ದೇಶವನ್ನೇ ತೊರೆಯಬೇಕಾಯಿತು. ಯುದ್ಧಾನಂತರ ಆತನು ಕಟ್ಟಿದ ಸಂಸ್ಥೆಗೇ ಆತನ ಹೆಸರನ್ನಿಟ್ಟರು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಗೃಹಿಣಿಯೊಬ್ಬರು ಎದೆಯಲ್ಲಿ ಗಂತಿ ಕಂಡು ಭಯಪಟ್ಟರು. ಮೂರು ತಿಂಗಳಲ್ಲಿ ಕರಗಿಸಿಕೊಡುತ್ತೇನೆಂದು ಒಬ್ಬರು ಭರವಸೆಯಿತ್ತರು. ಆ ಮಾತು ಕೇಳಲು ಹಿತವಾಗಿದ್ದಿತು. ಮೂರು ತಿಂಗಳು ಎಂಟಾದುವು. ದೊಡ್ಡ ಆಸ್ಪತ್ರೆಗೆ ಹೋದಾಗ ಕಾಲ ಮಿಂಚಿದ್ದಿತು. ಅವರ ಮನೆಯವರು ನಮ್ಮನ್ನೂ ಆಗ ಕೇಳಿದ್ದರು. "ಮಾಡಿ ನೋಡಿ" ಎಂದು ನಾವೂ ಅಂದುಬಿಟ್ಟಿದ್ದೆವು. ತಿಳಿಯದ ವಿಷಯದಲ್ಲಿ "ತಿಳಿಯದು, ತಿಳಿದವರಲ್ಲಿಗೆ ಇಂದೇ ಹೋಗಿ" ಎಂದು ಹೇಳಲು ನಾಲಗೆ ಏಳಲಿಲ್ಲ. ಚಕ್ರವರ್ತಿಯೇ ಕೇಳಿಕೊಂಡಾಗಲೂ ಇಲ್ಲದ ಭರವಸೆಯನ್ನು ಕೊಡದಿದ್ದವನ ಚರಿತ್ರೆಯನ್ನು ಓದುವಾಗ ಆ ತಾಯಿಯ ಮುಖವು ನಮ್ಮ ಕಣ್ಣ ಮುಂದೆ ನಿಂತಿತು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯಲ್ಲಿ ಯಾರಿಗಾದರೂ ಮಾಯದ ಗಂತಿಯೋ, ಕಾರಣ ತಿಳಿಯದ ರಕ್ತಸ್ರಾವವೋ ಕಂಡುಬಂದರೆ ಸಂಕೋಚದಿಂದ ಮುಚ್ಚಿಡದೆ, ಹಿತವಾದ ಮಾತಿಗೆ ಮರುಳಾಗದೆ, ಬೇಗನೆ ತಕ್ಕ ವೈದ್ಯರಿಗೆ ತೋರಿಸಿರಿ. ಮುಂದಿನ ಸಲ ರಕ್ತಪರೀಕ್ಷೆಯ ಕಾಗದವು ಕೈಗೆ ಬಂದಾಗ ಆ ವಿಚಿತ್ರ ಹೆಸರುಗಳ ಹಿಂದೆ, ಪ್ರಬಂಧ ಬರೆಯಲಾರದೆ ಬೆವರುತ್ತಿದ್ದ ಒಬ್ಬ ಹುಡುಗನಿದ್ದಾನೆಂಬುದನ್ನು ಮಕ್ಕಳಿಗೂ ಹೇಳಿರಿ.