ಪರದೇಶದ ವಿದ್ಯಾರ್ಥಿಯೂ ಬಳ್ಳಾರಿಯ ಬೂದಿದಿಬ್ಬವೂ

ಮನುಷ್ಯನ ಪ್ರೌಢಿಮೆಗೆ ದೇಶಾಟನವೂ ಒಂದು ಮೂಲವೆಂಬುದು ಪ್ರಾಚೀನರ ಮತ. ಆದರೆ ಅವರು ದೇಶಾಟನವೊಂದನ್ನೇ ಹೇಳಿ ಸುಮ್ಮನಾಗಲಿಲ್ಲ. ಅದರ ಪಕ್ಕದಲ್ಲಿಯೇ ಪಂಡಿತರ ಮೈತ್ರಿಯನ್ನೂ ಇರಿಸಿದರು. ತಿರುಗುವುದು ಬೇರೆ, ತಿಳಿಯುವುದು ಬೇರೆ ಎಂಬ ವಿವೇಕ ಈ ಜೋಡಣೆಯಲ್ಲಿ ಅಡಗಿದೆ. ಇಂದು ವಿದ್ಯಾರ್ಥಿಗಳು ಹೊರದೇಶಗಳಿಗೆ ಹೋಗುವುದೂ ಹೊರದೇಶದವರು ಓದಿಗಾಗಿ ಇಲ್ಲಿಗೆ ಬರುವುದೂ ಸಾಮಾನ್ಯವಾಗಿದೆ. ಪರನಾಡಿನಲ್ಲಿ ಕೆಲವು ವರ್ಷ ಓದಿದ ಮಾತ್ರಕ್ಕೆ ಆ ನಾಡನ್ನು ಕುರಿತ ಪೂರ್ವಕಲ್ಪನೆಗಳು ತಾವಾಗಿಯೇ ಅಳಿದು ಯಥಾರ್ಥಜ್ಞಾನ ಉದಿಸುತ್ತದೆಂದು ಹಲವರು ನಂಬಿದ್ದಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಬಳ್ಳಾರಿ ನಗರದ ಸಮೀಪದ ಸಂಗನಕಲ್ಲು, ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆ ಮತ್ತು ಕುರುಗೋಡು, ಈ ಮೂರು ಸ್ಥಳಗಳೇ ಅದಕ್ಕೆ ಸಾಕ್ಷಿ ನುಡಿಯುತ್ತವೆ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಮಾರ್ಗದಲ್ಲಿ ಕುಡತಿನಿಯ ಬಳಿ ಒಂದು ದೊಡ್ಡ ಬೂದಿದಿಬ್ಬವಿದೆ. ಇಂತಹ ದಿಬ್ಬಗಳು ಬಳ್ಳಾರಿ, ರಾಯಚೂರು ಪ್ರದೇಶಗಳಲ್ಲಿ ಇನ್ನೂ ಹಲವಾರಿವೆ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯ ದಹನವಾದ ಸ್ಥಳವೆಂದು ಜನರು ತೋರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವುಗಳನ್ನು ಕಂಡ ಆಂಗ್ಲ ಅಧಿಕಾರಿಗಳು ತಮಗೆ ತೋರಿದಂತೆ ಅರ್ಥ ಕಲ್ಪಿಸಿದರು. ಬಳ್ಳಾರಿಯಲ್ಲಿ ಕಲೆಕ್ಟರರಾಗಿದ್ದು, ವಿಜಯನಗರದ ಇತಿಹಾಸವನ್ನು 1900ರಲ್ಲಿ ಗ್ರಂಥರೂಪಕ್ಕೆ ತಂದ ರಾಬರ್ಟ್ ಸ್ಯೂವೆಲ್ಲರು ಮಹಾವಿದ್ವಾಂಸರು; ಆದರೂ ಈ ಬೂದಿಯನ್ನು ಅವರು ಮಧ್ಯಕಾಲದ ಸಾಮೂಹಿಕ ಸಹಗಮನಗಳ ಅವಶೇಷವೆಂದು ಶಂಕಿಸಿದರು. ಭರತಖಂಡವೆಂದೊಡನೆ ಸತೀದಹನವೇ ನೆನಪಾಗುತ್ತಿದ್ದ ಕಾಲ ಅದು. ಕಣ್ಣಿಗೆ ಬಿದ್ದದ್ದು ಬೂದಿ; ಮನಸ್ಸಿಗೆ ಹೊಳೆದದ್ದು ಮೊದಲೇ ಕೇಳಿದ ಕಥೆ. ಅದೇ ಕಾಲದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟರಾದರೋ, ಕಲ್ಲಿನ ಆಯುಧಗಳನ್ನು ಹುಡುಕುತ್ತ ಈ ಬೆಟ್ಟಗಳನ್ನು ನಡೆದೇ ಸುತ್ತಿದವರಾದುದರಿಂದ, ಇದು ನೂತನ ಶಿಲಾಯುಗದ ಜನರು ಸುಟ್ಟ ಸಗಣಿಯ ಬೂದಿಯೆಂಬ ನಿರ್ಣಯದ ಸಮೀಪಕ್ಕೆ ಬಂದರು. ಇಬ್ಬರೂ ಆಂಗ್ಲರೇ, ಇಬ್ಬರೂ ದೀರ್ಘಕಾಲ ಇಲ್ಲಿ ಇದ್ದವರೇ. ಆದುದರಿಂದ ಕೇವಲ ವಾಸವು ದೃಷ್ಟಿಯನ್ನು ತಿದ್ದಲಾರದೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ.

ಈ ವಿವಾದವನ್ನು ಬಹುಮಟ್ಟಿಗೆ ಬಗೆಹರಿಸಿದವರು ವಿದ್ಯಾರ್ಥಿಯಾಗಿ ಬಂದ ಒಬ್ಬ ಪರದೇಶೀಯರು. ರೇಮಂಡ್ ಆಲ್ಚಿನ್ ಮೊದಲ ಸಲ ಭಾರತಕ್ಕೆ ಬಂದದ್ದು 1944ರಲ್ಲಿ, ಬ್ರಿಟಿಷ್ ಸೈನಿಕರಾಗಿ. ಅವರೇ 1951ರಲ್ಲಿ ಲಂಡನ್ನಿನ ಸಂಶೋಧನ ವಿದ್ಯಾರ್ಥಿಯಾಗಿ ಮರಳಿ ಬಂದರು. ರಾಯಚೂರು ಜಿಲ್ಲೆಯ ಪ್ರಾಚೀನ ಸಂಸ್ಕೃತಿಯೇ ಅವರ ಮಹಾಪ್ರಬಂಧದ ವಿಷಯ. 1952ರಲ್ಲಿ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದರು. 1957ರಲ್ಲಿ ಇಂದಿನ ತೆಲಂಗಾಣದಲ್ಲಿರುವ ಊಟ್ನೂರಿನ ಬೂದಿದಿಬ್ಬವನ್ನು ಅಗೆದರು. ಅಲ್ಲಿ ಮರದ ಕಂಬಗಳನ್ನು ಸಾಲಾಗಿ ನೆಟ್ಟಿದ್ದ ಕುಳಿಗಳೂ, ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ದೊರೆತವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನಗಾಹಿಗಳು ಕಟ್ಟಿದ ದೊಡ್ಡಿಗಳು ಅವು. ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ದಿಬ್ಬಗಳು ಬೆಳೆದಿದ್ದವು. ಆಲ್ಚಿನ್ನರು ಮಣ್ಣನ್ನು ಮಾತ್ರ ಓದಲಿಲ್ಲ. ಈಗಿನ ದನಗಾಹಿಗಳ ಬದುಕನ್ನೂ, ಹಬ್ಬಗಳಲ್ಲಿ ದನಗಳನ್ನು ಕಿಚ್ಚು ಹಾಯಿಸುವ ಆಚರಣೆಯನ್ನೂ ಗಮನಿಸಿ, ಆ ಪುರಾತನ ಬೆಂಕಿಯನ್ನು ಅರ್ಥಮಾಡಿಕೊಳ್ಳಲು ಯತ್ನಿಸಿದರು. ದಕ್ಷಿಣ ಭಾರತದ ನೂತನ ಶಿಲಾಯುಗದ ಗೋಪಾಲಕರನ್ನು ಕುರಿತ ಅವರ ಗ್ರಂಥ 1963ರಲ್ಲಿ ಹೊರಬಂದಿತು. ಮರುವರ್ಷವೇ ತುಲಸೀದಾಸರ ಕವಿತಾವಲಿಯ ಅವರ ಆಂಗ್ಲ ಅನುವಾದವೂ ಪ್ರಕಟವಾಯಿತು. ಸೈನಿಕನಾಗಿ ನೋಡಿದ ದೇಶವನ್ನು ವಿದ್ಯಾರ್ಥಿಯಾಗಿ ಕಲಿತ ವ್ಯಕ್ತಿಯಲ್ಲಿ ಎಂತಹ ಪರಿವರ್ತನೆ ಆಗಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಎರಡನೆಯ ನಿದರ್ಶನ ಇನ್ನೂ ಹತ್ತಿರದ ಕಾಲದ್ದು. 1990ರ ದಶಕದ ಕೊನೆಯಲ್ಲಿ ಡೋರಿಯನ್ ಫುಲ್ಲರ್ ಎಂಬ ಕೇಂಬ್ರಿಜ್ಜಿನ ಸಂಶೋಧನ ವಿದ್ಯಾರ್ಥಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮೊದಲಾದವರ ಜೊತೆಗೂಡಿ ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡುಗಳ ಮಣ್ಣನ್ನು ಪರೀಕ್ಷಿಸಿದರು. ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾಯರು 1963-64ರಲ್ಲಿಯೇ ಉತ್ಖನನ ನಡೆಸಿ ದಾರಿ ತೋರಿದ್ದರು. ಫುಲ್ಲರರ ವಿಧಾನ ಸರಳ: ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟು ಕರಿಕಾದ ಕಾಳುಗಳು ಮೇಲೆ ತೇಲುತ್ತವೆ, ಅವುಗಳನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸುವುದು. ಹಾಗೆ ತೇಲಿಬಂದವುಗಳಲ್ಲಿ ಮುಖ್ಯವಾದವು ಹುರಳಿ, ಹೆಸರು, ಕೊರಲೆ. ದಕ್ಷಿಣದ ಬೇಸಾಯವೆಲ್ಲ ಹೊರಗಿನಿಂದ ಬಂದುದೆಂಬ ಹಳೆಯ ಕಲ್ಪನೆ ಇದರಿಂದ ಸಡಿಲವಾಯಿತು; ಈ ನಾಡಿನ ರೈತರು ಇಲ್ಲಿಯ ಕಾಡುಗಿಡಗಳನ್ನೇ ಪಳಗಿಸಿದರೆಂಬ ವಿಚಾರಕ್ಕೆ ಬಲ ಬಂದಿತು. ಬಡವರ ಧಾನ್ಯವೆಂದು ಕಡೆಗಣಿಸಲ್ಪಟ್ಟ ಹುರಳಿ ಈ ಮಣ್ಣಿನ ಹಿರಿಯ ಮಗಳೆನಿಸಿತು. ಇನ್ನು ಬಳ್ಳಾರಿಯ ರೊಟ್ಟಿಗೆ ಆಧಾರವಾದ ಜೋಳವಾದರೋ ಆಫ್ರಿಕಾದಿಂದ ಬಂದ ಅತಿಥಿ. ಬಂದು ಮನೆಯವಳೇ ಆದಳು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅಭಿಪ್ರಾಯ ಬದಲಾಯಿತೆಂದರೆ ಮೆಚ್ಚುಗೆ ಬೆಳೆಯಿತೆಂದು ಅರ್ಥವಲ್ಲ. ಆತಿಥೇಯ ದೇಶವನ್ನು ಹೊಗಳುವುದು ವಿದ್ಯಾರ್ಥಿಯ ಕರ್ತವ್ಯವೂ ಅಲ್ಲ. ದೋಷವನ್ನು ಕಂಡರೆ ದೋಷವೆಂದೇ ಹೇಳಬೇಕು. ಆದರೆ ಅದು ಕಂಡ ದೋಷವಾಗಿರಬೇಕು, ಕಲ್ಪಿಸಿದ ದೋಷವಾಗಿರಬಾರದು. ಪರದೇಶೀಯರು ಬಂದು ಈ ನೆಲದ ವಿದ್ಯೆಯನ್ನು ಕೊಂಡೊಯ್ದು ಕೀರ್ತಿ ಗಳಿಸುತ್ತಾರೆಂಬ ಆಕ್ಷೇಪವೂ ಉಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದಕ್ಕೆ ಪರಿಹಾರ ಬಾಗಿಲು ಮುಚ್ಚುವುದಲ್ಲ. ಬಂದವನ ಪಕ್ಕದಲ್ಲಿ ಸಮಾನನಾಗಿ ನಿಂತು ಅಗೆಯಬಲ್ಲ ವಿದ್ವಾಂಸರನ್ನು ಇಲ್ಲಿಯೇ ತಯಾರಿಸುವುದು. ಧಾರವಾಡದ ವಿದ್ವಾಂಸರು ಮಾಡಿ ತೋರಿಸಿದ್ದು ಅದನ್ನೇ.

ಇನ್ನು ಇಲ್ಲಿಂದ ಹೋಗುವವರ ವಿಚಾರ. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಅಲ್ಲಿ ಸುಮಾರು 20,000 ಭಾರತೀಯರಿದ್ದರು. ಅವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಷೆಲ್ ದಾಳಿಗೆ ಬಲಿಯಾದಾಗ ಕನ್ನಡನಾಡೆಲ್ಲ ಕಣ್ಣೀರಿಟ್ಟಿತು. ಅದುವರೆಗೆ ಎಷ್ಟೋ ಮನೆಗಳಿಗೆ ಉಕ್ರೇನೆಂದರೆ ಇಲ್ಲಿಗಿಂತ ಕಡಿಮೆ ಶುಲ್ಕಕ್ಕೆ ವೈದ್ಯಪದವಿ ದೊರೆಯುವ ಸ್ಥಳವಷ್ಟೇ ಆಗಿತ್ತು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆದರೂ ಆಸ್ಪತ್ರೆಯ ರೋಗಿ ಮಾತನಾಡುವುದು ತನ್ನ ನುಡಿಯಲ್ಲಿ. ಆ ನುಡಿಯನ್ನು ಕಲಿತು ರೋಗಿಯ ನೋವನ್ನು ಕೇಳಿದವನಿಗೂ, ಊರಿನ ಜನರೊಡನೆ ನೆಲಮಾಳಿಗೆಗಳಲ್ಲಿ ದಿನ ಕಳೆದವನಿಗೂ ಆ ದೇಶ ಶುಲ್ಕದ ಪಟ್ಟಿಯಾಗಿ ಉಳಿದಿರಲಾರದು. ಹಾಗಲ್ಲದೆ, ತನ್ನ ಊರಿನವರೊಡನೆಯೇ ಇದ್ದು, ತನ್ನ ಊಟವನ್ನೇ ಉಂಡು, ಪದವಿಪತ್ರವನ್ನು ಮಾತ್ರ ತಂದವನು ಎಷ್ಟು ವರ್ಷ ಅಲ್ಲಿದ್ದರೂ ಪ್ರಯಾಣಿಕನೇ ಹೊರತು ವಿದ್ಯಾರ್ಥಿಯಲ್ಲ.

ಆದುದರಿಂದ ಶಾಲೆಗಳ ಹೊಣೆ ಎರಡು ಬಗೆಯದು. ಹೋಗುವ ಮಕ್ಕಳಿಗೆ ವಿದ್ಯಾರ್ಥಿವೇತನವಷ್ಟೇ ಸಾಲದು. ಹೋಗುವ ದೇಶದ ನುಡಿ, ಚರಿತ್ರೆ, ಜನಜೀವನಗಳ ಸ್ಥೂಲ ಪರಿಚಯವನ್ನಾದರೂ ಕೊಟ್ಟು ಕಳುಹಿಸಬೇಕು. ದಾನಿಗಳು ತಮ್ಮ ನೆರವಿನಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಡುವುದು ಯುಕ್ತ. ಹೊರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಅಲ್ಲಿಯ ಸಂಬಳ ಸೌಕರ್ಯಗಳನ್ನಲ್ಲದೆ ಅಲ್ಲಿಯ ನೆರೆಹೊರೆಯನ್ನೂ ಕುರಿತು ಕಿರಿಯರಿಗೆ ಬರೆಯಲಿ.

ಎರಡನೆಯ ಹೊಣೆ ಬರುವವರ ಬಗೆಗೆ. ಪರದೇಶದ ವಿದ್ಯಾರ್ಥಿ ಸಂಗನಕಲ್ಲಿನ ಬೆಟ್ಟದಲ್ಲಿ ಪ್ರಾಚೀನ ಮಾನವನ ಕಲ್ಲುಕೊಡಲಿಯ ಕಾರ್ಖಾನೆಯನ್ನು ಕಾಣುತ್ತಾನೆ. ಅದೇ ಪ್ರದೇಶದಲ್ಲಿ ಕಲ್ಲುಗಣಿಗಾರಿಕೆ ಆ ಗುರುತುಗಳನ್ನು ನುಂಗಿದುದನ್ನೂ ಕಾಣುತ್ತಾನೆ. ಹಲವು ದಿಬ್ಬಗಳ ಬೂದಿ ಗೊಬ್ಬರವಾಗಿ ಹೊಲ ಸೇರಿದೆಯೆಂದೂ ಕೇಳುತ್ತಾನೆ. ಈ ನಾಡಿನ ಬಗೆಗೆ ಅವನು ಏನನ್ನು ತಿಳಿದು ಹೋಗಬೇಕೆಂಬುದು ಅವನೊಬ್ಬನ ಕೈಯಲ್ಲಿಲ್ಲ. ಮನೆಯವರು ತಮ್ಮ ಮನೆಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂಬುದರ ಮೇಲೂ ನಿಂತಿದೆ. ಬಳ್ಳಾರಿಯಲ್ಲಿಯೇ ಫೂಟರ ಹೆಸರಿನಲ್ಲಿ ಸಂಗನಕಲ್ಲು ಪುರಾತತ್ತ್ವ ಸಂಗ್ರಹಾಲಯವಿದೆ. ಅಧ್ಯಾಪಕರು ಪ್ರತಿವರ್ಷ ಮಕ್ಕಳನ್ನು ಮೊದಲು ಅಲ್ಲಿಗೂ, ಅನಂತರ ಕುಡತಿನಿ, ಕುರುಗೋಡು, ತೆಕ್ಕಲಕೋಟೆಗಳಿಗೂ ಕರೆದೊಯ್ಯಲಿ. ತನ್ನ ಊರಿನ ದಿಬ್ಬವನ್ನು ಓದಲು ಕಲಿತ ಬಾಲಕನಿಗೆ ನಾಳೆ ಪರರ ದೇಶವನ್ನು ಓದುವ ಕಣ್ಣೂ ಬರುತ್ತದೆ. ಊರ ದಿಬ್ಬವನ್ನು ಬರಿಯ ಬೂದಿಯೆಂದು ತಿಳಿದವನಿಗೆ ಲಂಡನ್ನೂ ಬರಿಯ ಕಟ್ಟಡಗಳ ಸಾಲಾಗಿಯೇ ಕಾಣುವುದು.